ಗಿರಿ ಇಳಿಯುವಾಗ ಗಾಡಿ ನ್ಯೂಟ್ರಲ್‌ಗೆ ಹಾಕಬೇಡಿ

ಬೇಸಿಗೆ ರಜೆಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಚಿಕ್ಕಮಗಳೂರು ಕಡೆ ಹೊರಟಿದ್ದೀರಾ? ಹಾಗಾದರೆ ಇದನ್ನು ಓದಿಯೇ ಹೊರಡಿ. ಈ ಮೇ ತಿಂಗಳಲ್ಲಿ ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಮ್ಮದು ಹಾಸನ. ಮೂರು ದಿನದ ಪ್ರವಾಸ. ಬೇಲೂರು ನೋಡಿಕೊಂಡು ಚಿಕ್ಕಮಗಳೂರು, ಮಾರನೇ ದಿನ ಮುಳ್ಳಯ್ಯನಗಿರಿ, ಆಮೇಲೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳ. ಗಾಡಿಯಲ್ಲಿ ಏಳು ಜನ, ಮೇಲೆ ಲಗೇಜು.

ಗಿರಿ ಹತ್ತುವಾಗ ಏನೂ ತೊಂದರೆ ಆಗಲಿಲ್ಲ. ಪಕ್ಕದ ಸೀತಾಳಯ್ಯನಗಿರಿಯಿಂದ ವಾಪಸ್ ಇಳಿಯುವಾಗ ನಾನು ಗೇರ್ ತೆಗೆದು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದೆ. ಡೀಸೆಲ್ ಉಳಿಯುತ್ತದೆ ಅಂತ ಹತ್ತು ವರ್ಷದಿಂದ ಹಾಗೇ ಓಡಿಸಿದವನು. ಪ್ರತಿ ತಿರುವಿಗೂ ಬ್ರೇಕ್ ಒತ್ತುತ್ತಾ ಬಂದೆ. ಸ್ವಲ್ಪ ಹೊತ್ತಿಗೆ ಅಮ್ಮ, "ಏನೋ ಸುಟ್ಟ ವಾಸನೆ ಬರ್ತಿದೆ ಕಣೋ" ಅಂದರು. ಮುಂದಿನ ಗಾಡಿಯದ್ದಿರಬೇಕು ಅಂದುಕೊಂಡೆ. ನಿಲ್ಲಿಸಬೇಕಾಗಿದ್ದು ಆಗಲೇ.

ಇನ್ನೆರಡು ತಿರುವು ದಾಟಿದ ಮೇಲೆ ಪೆಡಲ್ ಮೆತ್ತಗಾಯಿತು. ಒತ್ತಿದರೆ ನೆಲದವರೆಗೂ ಹೋಗುತ್ತಿದೆ, ಗಾಡಿ ನಿಲ್ಲುತ್ತಿಲ್ಲ. ಎಡಕ್ಕೆ ಬೆಟ್ಟ, ಬಲಕ್ಕೆ ಕಣಿವೆ. ಹೇಗೋ ಮೂರನೇ ಗೇರಿಗೆ ಹಾಕಿದೆ, ಆಮೇಲೆ ಎರಡನೆಯದಕ್ಕೆ. ಇಂಜಿನ್ ಕಿರುಚಿಕೊಂಡಿತು, ವೇಗ ಇಳಿಯಿತು. ಹ್ಯಾಂಡ್ ಬ್ರೇಕನ್ನು ನಿಧಾನಕ್ಕೆ ಎಳೆಯುತ್ತಾ ಎಡಗಡೆ ಚರಂಡಿಗೆ ಚಕ್ರ ಇಳಿಸಿದೆ. ನಿಂತಿತು. ಮಕ್ಕಳು ಅಳುತ್ತಿದ್ದರು. ನನ್ನ ಕಾಲು ಎಷ್ಟೋ ಹೊತ್ತು ನಡುಗುತ್ತಿತ್ತು.

ಮುಂದಿನ ಚಕ್ರದಿಂದ ಹೊಗೆ ಬರುತ್ತಿತ್ತು. ನೀರಿನ ಬಾಟಲಿ ಹಿಡಿದು ಓಡಿದೆ. ಹಿಂದೆ ಬಂದ ಜೀಪಿನ ಡ್ರೈವರ್ ಕೈ ಹಿಡಿದು ತಡೆದರು. "ನೀರು ಹಾಕ್ಬೇಡಿ ಅಣ್ಣ, ಡಿಸ್ಕ್ ಬಿರುಕು ಬಿಡುತ್ತೆ. ತಾನಾಗೇ ಆರ್ಲಿ. ಹತ್ತಿದ ಗೇರಲ್ಲೇ ಇಳೀಬೇಕು, ಇಲ್ಲಿ ಎಲ್ಲರೂ ಹಾಗೇ." ಮುಕ್ಕಾಲು ಗಂಟೆ ನಮ್ಮ ಜೊತೆ ನಿಂತರು. ಆಮೇಲೆ ಮೊದಲನೇ ಗೇರಲ್ಲಿ ಗಿರಿಯ ಬುಡದ ಕೈಮರದವರೆಗೆ ತಾವೇ ಮುಂದೆ ಹೋಗಿ ನಮ್ಮನ್ನು ಇಳಿಸಿದರು. ದುಡ್ಡು ಕೊಟ್ಟರೆ ಮುಟ್ಟಲಿಲ್ಲ.

ಚಿಕ್ಕಮಗಳೂರಿನಲ್ಲಿ ಮೆಕ್ಯಾನಿಕ್ ಬ್ರೇಕ್ ಆಯಿಲ್ ತೋರಿಸಿದರು, ಕಪ್ಪಗಾಗಿತ್ತು. ಈ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆಯಂತೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ 230 ಡಿಗ್ರಿವರೆಗೆ ತಡೆಯುತ್ತದೆ, ನೀರು ಸೇರಿಕೊಂಡರೆ 155 ಡಿಗ್ರಿ ಸುಮಾರಿಗೇ ಕುದಿಯಬಹುದು. ಕುದ್ದರೆ ಒಳಗೆ ಗುಳ್ಳೆ ಏಳುತ್ತದೆ, ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹೊರಡುವ ಮುಂಚೆ ಸರ್ವಿಸ್ ಮಾಡಿಸಿದ್ದೆ, ಇದನ್ನು ಯಾರೂ ನೋಡಿರಲಿಲ್ಲ. ನೀವೇ ಬಾಯಿಬಿಟ್ಟು ಕೇಳಿ, ಮುಂದೆ ನಿಂತು ಬದಲಿ ಮಾಡಿಸಿ.

ಡೀಸೆಲ್ ಉಳಿಯುತ್ತದೆ ಅನ್ನುವುದೂ ತಪ್ಪು. ಈಗಿನ ಗಾಡಿಗಳಲ್ಲಿ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜಿನ್‌ಗೆ ಇಂಧನ ಹೋಗುವುದೇ ನಿಂತುಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲು ಇಂಧನ ಸುಮ್ನೆ ಉರಿಯುತ್ತಲೇ ಇರುತ್ತದೆ. ಇಂಜಿನ್ ಆಫ್ ಮಾಡಿ ಇಳಿಯುವುದಂತೂ ಬೇಡವೇ ಬೇಡ. ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಸ್ಟೀರಿಂಗ್ ತಿರುಗಿಸುವುದು ತುಂಬಾ ಕಷ್ಟವಾಗುತ್ತದೆ. ಆಟೋಮ್ಯಾಟಿಕ್ ಗಾಡಿಯವರು ಡಿ (ಡ್ರೈವ್) ಬಿಟ್ಟು ಎಲ್ (ಲೋ, ಅಂದರೆ ಕೆಳಗಿನ ಗೇರ್) ಅಥವಾ ಮ್ಯಾನ್ಯುಯಲ್‌ಗೆ ಹಾಕಿಕೊಳ್ಳಿ. ವಾಸನೆ ಬಂದರೆ ಅಗಲ ಇರುವ ಜಾಗ ನೋಡಿ ತಕ್ಷಣ ನಿಲ್ಲಿಸಿ.

ಮೂರನೇ ದಿನ ಮನೆಗೇ ವಾಪಸ್ ಹೋಗೋಣ ಅಂದಳು ಹೆಂಡತಿ. ಅಮ್ಮನಿಗೆ ಧರ್ಮಸ್ಥಳದ ಹರಕೆ ಇತ್ತು. ಆಯಿಲ್ ಬದಲಿಸಿ, ಬ್ರೇಕ್ ಪ್ಯಾಡ್ ಹೊಸದು ಹಾಕಿಸಿ ಹೊರಟೆವು. ಚಾರ್ಮಾಡಿಯನ್ನು ಪೂರ್ತಿ ಎರಡನೇ ಗೇರಲ್ಲೇ ಇಳಿದೆ. ಹಿಂದಿನವರು ಹಾರ್ನ್ ಹೊಡೆದರು, ದಾರಿ ಬಿಟ್ಟೆ. ಉಜಿರೆಯಲ್ಲಿ ನಿಲ್ಲಿಸಿ ಚಕ್ರದ ಹತ್ತಿರ ಬಗ್ಗಿ ಮೂಸಿ ನೋಡಿದೆ. ಯಾವ ವಾಸನೆಯೂ ಇರಲಿಲ್ಲ.