ಪಾಲಿನ ದುಡ್ಡು: ಬೇರೆ ಖಾತೆಗೋ, ಜಂಟಿ ಮನೆಗೋ?

ಮೈಸೂರಿನ ಸೈಟ್ ಮಾರಿ ಬಂದ ಪಾಲನ್ನು ಕ್ಯಾಲಿಫೋರ್ನಿಯಾದಲ್ಲಿ ಎಲ್ಲಿಡುವುದು? ಅಲ್ಲಿ ಮದುವೆಯಾದ ಮೇಲಿನ ಸಂಬಳ ಇಬ್ಬರದ್ದು, ಯಾರ ಹೆಸರಿಗೆ ಜಮೆಯಾದರೂ ಸರಿ. ಪಿತ್ರಾರ್ಜಿತ, ಉಡುಗೊರೆ ಮಾತ್ರ ಪಡೆದವರದ್ದು.

ಬೇರೆ ಖಾತೆಯಲ್ಲಿಟ್ಟರೆ ಅಸಲು, ಬಡ್ಡಿ ಎರಡೂ ನಿಮ್ಮದೇ. (ಟೆಕ್ಸಾಸ್‌ನಲ್ಲಿ ಬಡ್ಡಿ ಇಬ್ಬರದ್ದಾಗುತ್ತದೆ, ನೋಡಿ!)

ಇಬ್ಬರ ಹೆಸರಿನ ಮನೆಗೆ ಡೌನ್ ಪೇಮೆಂಟ್ ಕಟ್ಟಿದರೆ ಕಥೆಯೇ ಬೇರೆ. 1,00,000 ಡಾಲರ್ ಹಾಕಿದ್ದರೆ ವಿಚ್ಛೇದನದಲ್ಲಿ ಜಾಸ್ತಿ ಅಂದರೆ ಅಷ್ಟೇ ವಾಪಸ್. ಬಡ್ಡಿ ಇಲ್ಲ, ಮನೆ ಬೆಲೆ ಏರಿದ ಲಾಭ ಅರ್ಧರ್ಧ. ಅದೂ ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದರೆ. ಜಂಟಿ ಖಾತೆಗೆ ಸುರಿದು ಸಂಬಳದ ಜೊತೆ ಕಲಸಿಬಿಟ್ಟರೆ ಜಾಡು ತೋರಿಸುವುದು ಕಷ್ಟ ಅಲ್ವಾ? ಸಂಗಾತಿ "ಎಲ್ಲಾ ನಿನ್ನದೇ" ಎಂದು ಬಾಯಿಮಾತಲ್ಲಿ ಹೇಳಿದ್ದರೆ ಸಾಲದು. 1985ರಿಂದ ಅದಕ್ಕೆ ಬರಹ ಬೇಕು.

ಮನೆ ಬೇಕೇ ಬೇಕಾದರೆ ಹಾಕಿ. ಆದರೆ ಬೇರೆ ಖಾತೆಯಿಂದ ನೇರವಾಗಿ ಎಸ್ಕ್ರೋಗೆ (ಖರೀದಿ ಮುಗಿಯುವವರೆಗೆ ದುಡ್ಡು ಹಿಡಿದಿಡುವ ಮೂರನೆಯವರ ಖಾತೆಗೆ) ಕಳಿಸಿ.