ನಲಿಕಲಿ ಟೀಚರ್‌ಗಳ ಟೆಲಿಗ್ರಾಂ ಗ್ರೂಪು, ಎರಡು ವರ್ಷ ಬಳಸಿದ ಮೇಲೆ

ಒಂದು, ಎರಡು, ಮೂರನೇ ಕ್ಲಾಸ್ ಮಕ್ಕಳನ್ನ ಒಂದೇ ರೂಮಲ್ಲಿ ಕೂರಿಸ್ಕೊಂಡು, ಕಾರ್ಡು-ಆಟದ ಮೂಲಕ ಅವರವರ ವೇಗಕ್ಕೆ ಕಲಿಸೋ ನಲಿಕಲಿ ಪದ್ಧತೀಲಿ ಪಾಠ ಮಾಡೋ ನನ್ನಂಥೋರಿಗೆ ಡೌಟ್ ಬಂದ್ರೆ ಕೇಳೋಕೆ ಪಕ್ಕದಲ್ಲಿ ಯಾರೂ ಇರಲ್ಲ, ನಮ್ಮ ಸ್ಕೂಲಲ್ಲಿ ಇರೋದೇ ಇಬ್ರು, ಇನ್ನೊಬ್ರು ನಾಲ್ಕು-ಐದು ನೋಡ್ಕೋತಾರೆ. ಅಕ್ಕಪಕ್ಕದ ಸ್ಕೂಲ್ ಟೀಚರ್‌ಗಳು ಸೇರೋ ಕ್ಲಸ್ಟರ್ ಸಭೆ ಬರೋ ಹೊತ್ತಿಗೆ ಕೇಳಬೇಕಾಗಿದ್ದೇ ಮರೆತುಹೋಗಿರುತ್ತೆ.

ಹೋದ ವರ್ಷ ಒಬ್ಬ ಹುಡುಗ ರ ಗ ಸ ದ ಅ ಮೈಲಿಗಲ್ಲಲ್ಲೇ, ಅಂದ್ರೆ ಅಕ್ಷರ ಕಲಿಯೋ ಮೊದಲ ಹಂತದಲ್ಲೇ, ನಿಂತುಬಿಟ್ಟಿದ್ದ, ರ ತೋರಿಸಿದ್ರೆ ದ ಅಂತಾನೆ, ದ ತೋರಿಸಿದ್ರೆ ರ ಅಂತಾನೆ, ತಿದ್ದಿಸಿ ತಿದ್ದಿಸಿ ಸ್ಲೇಟೇ ಸವೀತು. ರಾತ್ರಿ ಈ ಟೆಲಿಗ್ರಾಂ ಗ್ರೂಪಲ್ಲಿ ಕೇಳ್ದೆ. ಬೀದರ್ ಕಡೆಯ ಒಬ್ರು ಅಕ್ಕೋರು ಫೋಟೋ ಹಾಕಿದ್ರು, ನೆಲದ ಮೇಲೆ ಚಾಕ್‌ಪೀಸಲ್ಲಿ ದೊಡ್ಡದಾಗಿ ಅಕ್ಷರ, ಅದರ ಮೇಲೆ ಸಾಲಾಗಿ ಹುಣಸೆ ಬೀಜ. ರ ಮೇಲೆ ಬೀಜ ಇಡ್ತಾ ಹೋದ್ರೆ ಸುತ್ತು ಮುಗಿಯುತ್ತೆ, ದ ಹತ್ರ ಕೆಳಗೆ ಒಳಕ್ಕೆ ತಿರುಗ್ಬೇಕು, ಆ ತಿರುವು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತೆ ಅಂದ್ರು. ನಾಲ್ಕೇ ದಿನಕ್ಕೆ ಹುಡುಗ ಮುಂದಿನ ಕಾರ್ಡ್ ತಾನೇ ಎತ್ಕೊಂಡ. ನನಗೆ ಕಣ್ಣಲ್ಲಿ ನೀರೇ ಬಂತು ಸತ್ಯವಾಗ್ಲೂ.

ನಲಿಕಲಿ ಶುರುವಾಗಿದ್ದೂ ಹೀಗೇ ಅಲ್ವಾ, 1995ರ ಸುಮಾರಿಗೆ ಎಚ್.ಡಿ. ಕೋಟೆ ಕಡೆಯ ಟೀಚರ್‌ಗಳು ಆಂಧ್ರದ ರಿಷಿ ವ್ಯಾಲಿ ಸ್ಕೂಲಿಗೆ ಹೋಗಿ ನೋಡ್ಕೊಂಡು ಬಂದು, ಕಾರ್ಡು, ಕಲಿಕೆಯ ಹಂತ ತೋರಿಸೋ ಏಣಿ ಎಲ್ಲಾ ತಾವೇ ಕೂತು ಮಾಡಿದ್ದು.

ಟೆಲಿಗ್ರಾಂ ಯಾಕೆ ಅಂದ್ರೆ, ಹಳೇ ಮೆಸೇಜ್ ಹೊಸದಾಗಿ ಸೇರಿದೋರಿಗೂ ಕಾಣೋ ಹಾಗೆ ಅಡ್ಮಿನ್ ಇಟ್ಟಿದ್ದಾರೆ, ಒತ್ತಕ್ಷರ ಅಂತ ಸರ್ಚ್ ಮಾಡಿದ್ರೆ ಹಿಂದೆ ಯಾರೋ ಕೇಳಿದ್ದು, ಅದಕ್ಕೆ ಬಂದ ಉತ್ತರ ಎಲ್ಲಾ ಸಿಗುತ್ತೆ. 2 ಜಿಬಿ ತನಕ ಫೈಲ್ ಹಾಕಬಹುದು, ಕ್ಲಾಸಲ್ಲಿ ತೆಗೆದ ವಿಡಿಯೋ ಕತ್ತರಿಸದೇ ಹೋಗುತ್ತೆ. ಹೆಣ್ಮಕ್ಕಳು ಇದೊಂದು ಮರೀಬೇಡಿ, ಪ್ರೈವಸಿ ಸೆಟ್ಟಿಂಗಲ್ಲಿ ಫೋನ್ ನಂಬರ್ ಅನ್ನೋ ಕಡೆ ನೋಬಡಿ ಅಂತ ಇಟ್ಕೊಳ್ಳಿ. ನಾನು ಮುಂಚೆ ಇದ್ದ ಬೇರೆ ಒಂದು ಗುಂಪಲ್ಲಿ ನಂಬರ್ ಎಲ್ಲರಿಗೂ ಕಾಣ್ತಿತ್ತು, ಗುರುತೇ ಇಲ್ಲದೋರು ರಾತ್ರಿ ಹತ್ತು ಗಂಟೆಗೆ ಫೋನ್ ಮಾಡೋರು, ಅದಕ್ಕೇ ಆಚೆ ಬಂದೆ.

ಬೇಜಾರಿನ ವಿಷಯಾನೂ ಇದೆ. ವರ್ಗಾವಣೆ ಕೌನ್ಸೆಲಿಂಗ್ ಟೈಮಲ್ಲಿ ಗ್ರೂಪ್ ಪೂರ್ತಿ ಅದೇ ಮಾತು, ಸಹಿ ಇಲ್ಲದ ಸುತ್ತೋಲೆ ಬೇರೆ ಓಡಾಡುತ್ತೆ, ಪಾಠದ ಪ್ರಶ್ನೆ ಕೇಳಿದೋರು ಮಧ್ಯದಲ್ಲಿ ಕಳೆದುಹೋಗ್ತಾರೆ. ಪಾಠಕ್ಕೆ ಒಂದು, ಇಲಾಖೆ ವಿಷಯಕ್ಕೆ ಒಂದು ಅಂತ ಟಾಪಿಕ್ ಬೇರೆ ಮಾಡೋ ಸೌಲಭ್ಯ ಆ್ಯಪಲ್ಲೇ ಇದೆ, ಅಡ್ಮಿನ್‌ಗಳು ದಯವಿಟ್ಟು ಆನ್ ಮಾಡಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಟಾಪಿಕ್ ಬೇರೆ ಮಾಡಿದ ದಿನ ಬಂದು ಐದು ಮಾಡ್ತೀನಿ.