ಗೊಂಬೆ ಸೂಪರ್, ಬಂದಿದ್ದು ಲೇಟು, ಅದಕ್ಕೆ ಒಂದು ಸ್ಟಾರ್

ಚನ್ನಪಟ್ಟಣದ ಗೊಂಬೆಗಳನ್ನ ಪೋಸ್ಟಲ್ಲಿ ಹೊರದೇಶಕ್ಕೆ ಕಳಿಸೋಕೆ ಶುರು ಮಾಡಿ ಕೆಲವು ವರ್ಷ ಆಯ್ತು. ಮಾರೋದು ಒಂದು ದೊಡ್ಡ ಆನ್‌ಲೈನ್ ಮಾರ್ಕೆಟ್‌ಪ್ಲೇಸಲ್ಲಿ, ಹೆಸರು ಬೇಡ. ಕಮಿಷನ್ ಎಷ್ಟು, ದುಡ್ಡು ಯಾವಾಗ ಕೈಗೆ ಬರುತ್ತೆ ಅನ್ನೋದೆಲ್ಲ ಬೇರೆಯವರು ಬೇಕಾದಷ್ಟು ಬರ್ದಿದಾರೆ, ನಂಗೆ ಹೇಳ್ಬೇಕಿರೋದು ರೇಟಿಂಗ್ ವಿಷ್ಯ. ಪಾರ್ಸಲ್ ಎಲ್ಲೇ ತಡ ಆಗ್ಲಿ, ಯಾರಿಂದಾನೇ ತಡ ಆಗ್ಲಿ, ಏಟು ಬೀಳೋದು ಮಾರೋರಿಗೆ, ಅದೂ ಗೊಂಬೆ ಹೆಸರಲ್ಲಿ.

ಒಂದು ಪಾರ್ಸಲ್ ಹಿಂದೆ ಎಷ್ಟು ಕೆಲಸ ಇರುತ್ತೆ ಅಂತ ಮೊದ್ಲು ಹೇಳ್ತೀನಿ. ಹಾಲೆ ಮರದ ಗೊಂಬೆ ಲೇತಲ್ಲಿ ತಿರುಗ್ತಿರೋವಾಗ್ಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಕೂರಿಸ್ತಾರೆ, ಆಮೇಲೆ ತಾಳೆ ಗರಿಯಲ್ಲಿ ಉಜ್ಜಿ ಹೊಳಪು ಬರಿಸ್ತಾರೆ. ಆ ಹೊಳಪಿಗೆ ಇನ್ನೊಂದು ಗೊಂಬೆ ತಾಗಿ ಉಜ್ಜಿದ್ರೆ ಗೆರೆ ಬಿದ್ದೇ ಬೀಳುತ್ತೆ. ಅದಕ್ಕೆ ಹಳೇ ಪಂಚೆ ಹರ್ದು ಒಂದೊಂದನ್ನೂ ಬೇರೆ ಬೇರೆ ಸುತ್ತಿ, ಅದರ ಮೇಲೆ ನ್ಯೂಸ್‌ಪೇಪರ್, ಸಂದೀಲಿ ಮುದುರಿದ ಪೇಪರ್ ತುಂಬ್ತೀನಿ. ಮುಚ್ಚೋಕೆ ಮುಂಚೆ ಡಬ್ಬಿ ಕಿವಿ ಹತ್ರ ಹಿಡಿದು ಅಲ್ಲಾಡಿಸಿ ನೋಡ್ತೀನಿ, ಒಳಗೆ ಏನೂ ಸದ್ದು ಮಾಡಬಾರದು, ಮಾಡಿದ್ರೆ ಮತ್ತೆ ಬಿಚ್ಚೋದು. ಅಡುಗೆಮನೆ ತಕ್ಕಡೀಲಿ ತೂಗಿ ನಾಲ್ಕೈದು ಗ್ರಾಂ ಜಾಸ್ತಿ ಬಂದ್ರೆ ಒಂದು ಹಾಳೆ ತೆಗೀತೀನಿ, ಯಾಕಂದ್ರೆ ತೂಕದ ಸ್ಲ್ಯಾಬ್ ದಾಟಿದ್ರೆ ಪೋಸ್ಟೇಜ್ ಮೇಲಕ್ಕೆ ಹೋಗುತ್ತೆ, ನನ್ನ ಲಾಭ ಇರೋದೇ ಅಷ್ಟರಲ್ಲಿ. ಅಡ್ರೆಸ್ ಮೇಲೆ ಅಗಲದ ಪ್ಲಾಸ್ಟಿಕ್ ಟೇಪು, ಮಳೇಲಿ ಅಕ್ಷರ ಅಳಿಸ್ಬಾರ್ದು ಅಂತ. ಈ ಕೆಲಸ ನಂಗೆ ನಿಜವಾಗ್ಲೂ ಇಷ್ಟ, ರಾತ್ರಿ ಊಟ ಆದ್ಮೇಲೆ ರೇಡಿಯೋ ಹಾಕ್ಕೊಂಡು ಕೂತ್ರೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ.

ಪೋಸ್ಟ್ ಬಗ್ಗೆ ನಂಗೆ ದೂರಿಲ್ಲ ಅಂತ ಇಲ್ಲೇ ಹೇಳ್ಬಿಡ್ತೀನಿ. ಸಾವಿರದ ಐನೂರು ರೂಪಾಯಿ ಗೊಂಬೆ ಸೆಟ್ಟಿಗೆ ಪ್ರೈವೇಟ್ ಕೊರಿಯರಿನವರು ಹೇಳೋ ರೇಟು ಗೊಂಬೆ ಬೆಲೆಗಿಂತ ಜಾಸ್ತಿ ಇರುತ್ತೆ, ನನ್ನಂಥ ಸಣ್ಣವರಿಗೆ ಪೋಸ್ಟ್ ಬಿಟ್ರೆ ಬೇರೆ ದಾರಿ ಇಲ್ಲ.

ಈಗ ತೊಂದರೆ ಎಲ್ಲಿ ಅಂತ ನೋಡಿ. ಆರ್ಡರ್ ಬಂದ ತಕ್ಷಣ ಮಾರ್ಕೆಟ್‌ಪ್ಲೇಸೇ ಒಂದು ತಾರೀಕು ತೋರಿಸುತ್ತೆ, ಇಷ್ಟರೊಳಗೆ ತಲುಪುತ್ತೆ ಅಂತ. ಆ ತಾರೀಕು ಬಂದ ಕೂಡ್ಲೇ ಗಿರಾಕಿಗೆ ಮೇಲ್ ಹೋಗುತ್ತೆ, ನಿಮ್ಮ ವಸ್ತು ಹೇಗಿದೆ, ರೇಟಿಂಗ್ ಕೊಡಿ ಅಂತ. ಪಾರ್ಸಲ್ ಇನ್ನೂ ಕಸ್ಟಮ್ಸಲ್ಲಿ ಬಿದ್ದಿದ್ರೂ ಆ ಮೇಲ್ ಹೋಗುತ್ತೆ! ಕಾದು ಕಾದು ಬೇಜಾರಾಗಿರೋರು ಇನ್ನೇನು ಮಾಡ್ತಾರೆ, ಬಂದಿಲ್ಲ ಅಂತ ಬರ್ದು ಒಂದು ಸ್ಟಾರ್ ಒತ್ತುತ್ತಾರೆ, ಅವರಿಗೆ ಹೇಳ್ಕೊಳ್ಳೋಕೆ ಇರೋ ಜಾಗ ಅದೊಂದೇ. ಆಮೇಲೆ ಹೊಸಬರು ಪೇಜಿಗೆ ಬಂದು ನೋಡೋದು ಸರಾಸರಿ ನಂಬರ್ ಮಾತ್ರ, ಆ ಒಂದು ಸ್ಟಾರ್ ಬಣ್ಣ ಹೋಗಿದ್ದಕ್ಕೋ ಪ್ಲೇನ್ ಲೇಟಾಗಿದ್ದಕ್ಕೋ ಅಂತ ಯಾರಿಗೆ ಗೊತ್ತಾಗುತ್ತೆ. ರೇಟಿಂಗ್ ಇಳಿದ್ರೆ ಹುಡುಕಿದಾಗ ನಮ್ಮ ಗೊಂಬೆ ಕೆಳಗೆ ಹೋಗುತ್ತೆ, ಕೆಳಗೆ ಹೋದ್ರೆ ಆರ್ಡರ್ ಇಲ್ಲ, ಲೇತ್ ಮುಂದೆ ಕೂತಿರೋರಿಗೂ ಕೆಲಸ ಇಲ್ಲ.

2025ರಲ್ಲಿ ಇದು ಮಿತಿ ಮೀರ್ತು. ಅಮೆರಿಕದವರು 800 ಡಾಲರ್ ಒಳಗಿನ ಪಾರ್ಸಲ್‌ಗಿದ್ದ ಸುಂಕ ವಿನಾಯಿತಿನ ಆಗಸ್ಟ್ 29ರಿಂದ ತೆಗೆದ್ರು. ಸುಂಕ ಯಾರು ವಸೂಲಿ ಮಾಡ್ಬೇಕು, ಹೇಗೆ ಕಟ್ಟಬೇಕು ಅನ್ನೋದೇ ಸ್ಪಷ್ಟ ಇರ್ಲಿಲ್ಲ, ವಿಮಾನದವರು ನಮ್ಮಿಂದ ಆಗಲ್ಲ ಅಂದ್ರು, ಹಾಗಾಗಿ ಆಗಸ್ಟ್ 25ರಿಂದ ನಮ್ಮ ಅಂಚೆ ಇಲಾಖೆ ಅಮೆರಿಕಕ್ಕೆ ಬುಕಿಂಗ್ ನಿಲ್ಲಿಸ್ತು. ಮೊದ್ಲು ಕಾಗದಪತ್ರ, 100 ಡಾಲರ್ ಒಳಗಿನ ಗಿಫ್ಟಿಗೆ ಬಿಟ್ಟಿದ್ರು, ತಿಂಗಳ ಕೊನೆಗೆ ಅದೂ ಬಂದ್. ಸೆಪ್ಟೆಂಬರ್ 22ಕ್ಕೆ ನವರಾತ್ರಿ. ಅಲ್ಲಿರೋ ನಮ್ಮವರು ಗೊಂಬೆ ಕೂರಿಸೋಕೆ ಅಂತ ಆರ್ಡರ್ ಮಾಡೋದೇ ಆ ಟೈಮಲ್ಲಿ. ಕೌಂಟರ್ ಮೇಡಂ ಪಾರ್ಸಲ್ ಕೈಗೆ ತಗೊಂಡು ನೋಡಿ, "ಇಲ್ಲಮ್ಮ, ಅಮೆರಿಕಕ್ಕೆ ಸಿಸ್ಟಮ್ಮೇ ತಗೊಳ್ತಿಲ್ಲ, ವಾಪಸ್ ತಗೊಂಡೋಗು" ಅಂದ್ರು. ಮೊದ್ಲೇ ಬುಕ್ ಆಗಿದ್ರಲ್ಲಿ ಕೆಲವು ಹೊರಟಿದ್ವು, ಕೆಲವು ಮನೆಗೇ ವಾಪಸ್ ಬಂದ್ವು. ಒಂದಿಬ್ರು ಗಿರಾಕಿಗಳು ಗಿಫ್ಟ್ ಅಂತ ಬರ್ದು ಕಳ್ಸಿ ಅಂದಿದ್ರು, ಮಾರಿದ್ದನ್ನ ಗಿಫ್ಟ್ ಅಂತ ಕಸ್ಟಮ್ಸ್ ಫಾರ್ಮಲ್ಲಿ ನಾನು ಬರೆಯಲ್ಲ, ಆಗಲ್ಲ ಅಂದೆ. ಇಷ್ಟೆಲ್ಲ ಪೇಪರಲ್ಲಿ ಬಂದ ಸುದ್ದಿ, ಇಡೀ ದೇಶಕ್ಕೆ ಗೊತ್ತು. ಆದ್ರೆ ಆ ಮೇಲ್‌ಗಳು ಮಾತ್ರ ತಪ್ಪದೆ ಹೋಗ್ತಾನೇ ಇದ್ವು, ಸ್ಟಾರ್ ಬೀಳ್ತಾನೇ ಇದ್ವು. ರಸೀದಿ ಫೋಟೋ, ಇಲಾಖೆ ಪ್ರಕಟಣೆ ಎಲ್ಲ ಸೇರಿಸಿ ಸಪೋರ್ಟ್‌ಗೆ ಬರ್ದ್ರೆ, ಗಿರಾಕಿಯ ಅಭಿಪ್ರಾಯ ತೆಗೆಯೋಕಾಗಲ್ಲ ಅನ್ನೋ ಒಂದೇ ಸಾಲು ಉತ್ತರ. ನಂಗೆ ತುಂಬಾ ಸಿಟ್ಟು ಬಂದಿತ್ತು, ಈಗ್ಲೂ ಇದೆ.

ಮನಸ್ಸು ಸ್ವಲ್ಪ ತಣ್ಣಗಾಗಿದ್ದು ಗಿರಾಕಿಗಳಿಂದಾನೇ. ರೇಟಿಂಗ್ ಬದಲಾಯಿಸಿ ಅಂತ ನಾನು ಯಾರನ್ನೂ ಕೇಳ್ಲಿಲ್ಲ, ಪಾರ್ಸಲ್ ಎಲ್ಲಿದೆ ಅಂತ ಮಾತ್ರ ವಾರ ವಾರ ತಿಳಿಸ್ತಿದ್ದೆ. ನ್ಯೂಜೆರ್ಸಿಯ ಒಬ್ರಿಗೆ ಗೊಂಬೆ ತಲುಪೋ ಹೊತ್ತಿಗೆ ವಿಜಯದಶಮಿ ಕಳೆದಿತ್ತು. ಅವ್ರು ತಾವಾಗೇ ಒಂದು ಸ್ಟಾರ್ ತೆಗ್ದು ಐದು ಕೊಟ್ಟು, ತಡ ಆಗಿದ್ದು ಯಾಕೆ ಅಂತ ಬಿಡಿಸಿ ಬರ್ದು, ಮಗಳು ಗೊಂಬೆ ಹಿಡ್ಕೊಂಡಿರೋ ಫೋಟೋನೂ ಹಾಕಿದ್ರು. ಅದನ್ನ ಗೊಂಬೆ ಮಾಡಿದ ಅಣ್ಣನಿಗೆ ತೋರಿಸ್ದೆ, ಫೋನ್ ಈಸ್ಕೊಂಡು ದೊಡ್ಡದು ಮಾಡಿ ತುಂಬಾ ಹೊತ್ತು ನೋಡ್ತಿದ್ರು.

ಅಕ್ಟೋಬರ್ 15ಕ್ಕೆ ಬುಕಿಂಗ್ ಮತ್ತೆ ಶುರುವಾಯ್ತು. ಆಗಿನ ರೂಲ್ ಪ್ರಕಾರ ಘೋಷಿಸಿದ ಬೆಲೆಯ 50% ಸುಂಕ ಇಲ್ಲೇ ಬುಕಿಂಗ್ ಟೈಮಲ್ಲೇ ಕಟ್ಟಬೇಕಿತ್ತು, ಅಂದ್ರೆ ಸಾವಿರದ ಐನೂರರ ಸೆಟ್ಟಿಗೆ ಏಳುನೂರೈವತ್ತು, ಪೋಸ್ಟೇಜ್ ಬೇರೆ. ಬೆಲೆ ಏರಿಸಿದ್ದಕ್ಕೂ ಒಂದಿಬ್ರು ಬೈದ್ರು, ಅದನ್ನ ನಾನು ಒಪ್ಕೋತೀನಿ, ಅವರ ಜೇಬಿಂದ ಹೋಗೋ ದುಡ್ಡು ಅದು.

ತಗೊಳ್ಳೋರಿಗೆ ಒಂದು ಮಾತು: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೇಲಿ ಐಎನ್ ಅಂತಿರೋ ನಂಬರನ್ನ ಅಮೆರಿಕದ ಪೋಸ್ಟ್ ಸೈಟಲ್ಲೂ ಹಾಕಿ ನೋಡ್ಬಹುದು. ಪಾರ್ಸಲ್ ಆ ಕಡೆ ಇಳಿದ್ಮೇಲಿನ ಸುದ್ದಿ ಅಲ್ಲೇ ಬೇಗ ಸಿಗೋದು. ಅದು ನೋಡಿ, ನಮ್ಗೊಂದು ಮೆಸೇಜ್ ಹಾಕಿ, ಆಮೇಲೆ ಸ್ಟಾರ್ ಕೊಡಿ. ದಸರಾಗೆ ಬೇಕು ಅಂದ್ರೆ ಜುಲೈ ಒಳಗೆ ಆರ್ಡರ್ ಮಾಡ್ಬಿಡಿ.

ಪೋಸ್ಟ್‌ಗೆ ನನ್ನ ಲೆಕ್ಕದಲ್ಲಿ ನಾಲ್ಕು ಸ್ಟಾರ್, ಮಾರ್ಕೆಟ್‌ಪ್ಲೇಸ್‌ಗೆ ಎರಡು. ಗೊಂಬೆಗೆ ಬೇರೆ, ಡೆಲಿವರಿಗೆ ಬೇರೆ ರೇಟಿಂಗ್ ಇಟ್ಟು, ಪಾರ್ಸಲ್ ಕೈಗೆ ಸಿಕ್ಕಿದ್ಮೇಲೆ ಮಾತ್ರ ಆ ಮೇಲ್ ಹೋಗೋ ಹಾಗೆ ಮಾಡಿದ್ರೆ ಅವತ್ತೇ ಈ ಎರಡನ್ನ ಜಾಸ್ತಿ ಮಾಡ್ತೀನಿ.